ಒಂಟಿ ಪಯಣದ ಸುಂಕ

ಭಾನುವಾರದ ಪತ್ರಿಕೆಯನ್ನು ತೆರೆದು ನೋಡುವವರಿಗೆ ಕಡಲ ವಿಹಾರದ ಜಾಹೀರಾತು ಈಗ ಹೊಸದಲ್ಲ. ಬಿಳಿಯ ಅರಮನೆಯಂಥ ಹಡಗು, ಮೇಲಟ್ಟದಲ್ಲಿ ಈಜುಗೊಳ, ಸಂಜೆಗೆ ಸಂಗೀತ, ಊಟೋಪಚಾರದ ಚಿಂತೆಯಿಲ್ಲದ ನಾಲ್ಕು ಹಗಲು ಮೂರು ಇರುಳು. ಇಷ್ಟನ್ನೂ ದಪ್ಪಕ್ಷರದಲ್ಲಿ ಹೇಳಿ ಕೆಳಗೆ ಬೆಲೆಯನ್ನು ಕೊಟ್ಟಿರುತ್ತಾರೆ. ಬೆಲೆಯ ಕೆಳಗೆ, ಕನ್ನಡಕ ಹಾಕಿದವರೂ ಕಣ್ಣು ಕಿರಿದುಮಾಡಿ ಓದಬೇಕಾದ ಅಕ್ಷರದಲ್ಲಿ, ಇನ್ನೊಂದು ಮಾತಿರುತ್ತದೆ: ಈ ದರವು ಒಂದು ಕೊಠಡಿಯನ್ನು ಇಬ್ಬರು ಹಂಚಿಕೊಂಡಾಗ ತಲಾ ಒಬ್ಬರಿಗೆ. ಒಬ್ಬರೇ ಹೊರಟರೆ ಏನು ಗತಿ ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ. ವಿಚಾರಿಸಿದರೆ ತಿಳಿಯುತ್ತದೆ, ಇನ್ನೊಬ್ಬರ ಹಣದ ಬಹುಪಾಲನ್ನು, ಕೆಲವೊಮ್ಮೆ ಪೂರ್ತಿಯನ್ನು, ಹೊರಟವರೇ ತೆರಬೇಕು. ಬಾರದ ಸಂಗಡಿಗನಿಗೂ ಟಿಕೆಟು!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವಾಚಕರು ಇದನ್ನು ಕಂಡು ನಕ್ಕಾರು. ನಮಗೂ ಹಡಗಿಗೂ ಯಾವ ಬಾದರಾಯಣ ಸಂಬಂಧ? ನಮ್ಮ ಸೀಮೆಯವರಿಗೆ ಕಡಲೆ ಗೊತ್ತು, ಕಡಲು ಗೊತ್ತಿಲ್ಲ ಎಂದು ಯಾರಾದರೂ ಪರಿಹಾಸ್ಯ ಮಾಡಿದರೆ ಅದರಲ್ಲಿ ಸುಳ್ಳೂ ಇಲ್ಲ. ಮಂಗಳೂರಿನ ತೀರ ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದೂರ. ಹದವಾದ ಮಳೆ ಎರಡು ಸಲ ಬಿದ್ದರೆ ಪಾವಗಡದ ರೈತ ಆ ವರ್ಷವನ್ನು ಒಳ್ಳೆಯದೆಂದೇ ಎಣಿಸುತ್ತಾನೆ. ಹಾಗಿದ್ದರೂ ಒಂದು ಸೋಜಿಗವುಂಟು. ಕೆರೆಗೆ ಸಮುದ್ರವೆಂದೂ ಸಾಗರವೆಂದೂ ಹೆಸರಿಡುವ ರೂಢಿ ನಮ್ಮಲ್ಲಿ ಶಾಸನಗಳ ಕಾಲದಿಂದ ಬಂದುದು. ಪಾವಗಡ ತಾಲ್ಲೂಕಿನಲ್ಲಿ ಬಳಸಮುದ್ರವೆಂಬ ಊರೇ ಇದೆ. ತಿರುಮಣಿಯ ಸೌರ ವಿದ್ಯುತ್ ಉದ್ಯಾನಕ್ಕೆ ನೆಲ ಕೊಟ್ಟ ಹಳ್ಳಿಗಳಲ್ಲಿ ಅದೂ ಒಂದು. ಕಣ್ಣಾರೆ ನೋಡದ ಸಮುದ್ರದ ಹೆಸರನ್ನು ಕೆರೆಗಿಟ್ಟುಕೊಂಡು ಬಾಳಿದ ಜನಕ್ಕೆ ಅದನ್ನು ನೋಡುವ ಆಸೆ ಇರಲಿಲ್ಲವೆಂದು ಹೇಳುವವರಾರು?

ಇರಲಿ. ಜಾಹೀರಾತಿನ ಸಣ್ಣಕ್ಷರದಲ್ಲಿ ಅಡಗಿರುವ ಪ್ರಶ್ನೆ ಸಿರಿವಂತರ ವಿನೋದಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಪ್ರಯಾಣದ ಲೋಕದಲ್ಲಿ ಎಣಿಕೆಗೆ ಸಿಗುವುದು ವ್ಯಕ್ತಿಯೋ ಜೋಡಿಯೋ ಎಂಬುದು ಆ ಪ್ರಶ್ನೆ. ಇದಕ್ಕೆ ವಿಹಾರದ ಹಡಗು ಒಂದು ಉತ್ತರ ಕೊಡುತ್ತಿದೆ, ನಮ್ಮ ಸರ್ಕಾರಿ ಬಸ್ಸು ಇನ್ನೊಂದು ಉತ್ತರ ಕೊಡುತ್ತಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮೊದಲು ಹಡಗಿನ ಮಾತು. ಲೋಕದಲ್ಲಿ 2024ರಲ್ಲಿ ವಿಹಾರದ ಹಡಗುಗಳನ್ನೇರಿದವರ ಸಂಖ್ಯೆ ಮೂರೂವರೆ ಕೋಟಿಯ ಹತ್ತಿರ. ನಮ್ಮ ದೇಶ ಈ ಉದ್ಯಮಕ್ಕೆ ತಡವಾಗಿ ಬಂದಿತು. 1990ರಲ್ಲಿ ಕಟ್ಟಲ್ಪಟ್ಟು ಪರದೇಶದ ಕಡಲುಗಳಲ್ಲಿ ಓಡಿದ್ದ ಹಡಗೊಂದನ್ನು ತಂದು, ‘ಎಂಪ್ರೆಸ್’ ಎಂಬ ಹೆಸರಿನಲ್ಲಿ ಕಾರ್ಡೇಲಿಯಾ ಕಂಪನಿಯು 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಗೋವಾ, ಲಕ್ಷದ್ವೀಪ, ಕೊಚ್ಚಿಗಳ ಕಡೆಗೆ ನಡೆಸತೊಡಗಿತು. 2023ರ ಜನವರಿ 13ರಂದು ‘ಗಂಗಾ ವಿಲಾಸ’ವೆಂಬ ನೌಕೆ ವಾರಾಣಸಿಯಿಂದ ದಿಬ್ರೂಗಢಕ್ಕೆ 51 ದಿನಗಳ ನದೀಯಾನಕ್ಕೆ ಹೊರಟಿತು, ಅದರ ಮೊದಲ ಯಾತ್ರಿಕರು ಸ್ವಿಟ್ಜರ್ಲೆಂಡಿನವರು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರವು ‘ಕ್ರೂಸ್ ಭಾರತ್’ ಯೋಜನೆಯನ್ನು ಮುಂಬಯಿಯಲ್ಲಿ ಸಾರಿತು. 2029ರ ಹೊತ್ತಿಗೆ ಕಡಲ ವಿಹಾರಿಗಳ ಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಏರಿಸುವುದು ಅದರ ಗುರಿಗಳಲ್ಲೊಂದು. ನಮ್ಮ ನವಮಂಗಳೂರು ಬಂದರಿಗೂ ಮಳೆಗಾಲ ಕಳೆದ ಮೇಲೆ ವಿದೇಶೀ ಹಡಗುಗಳು ಬರುವುದುಂಟು. ಪ್ರವಾಸಿಗಳು ಒಂದು ಹಗಲು ಇಳಿದು ಮೂಡುಬಿದಿರೆಯ ಸಾವಿರಕಂಬದ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಕನ್ನಡಿಗನಿಗೆ ಆ ಹಡಗು ಇನ್ನೂ ನೋಡುವ ವಸ್ತು, ಏರುವ ವಸ್ತುವಾಗಿಲ್ಲ.

ಹಡಗಿನವರು ಒಂಟಿಯಾಗಿ ಬಂದವರ ಮೇಲೆ ಈ ಸುಂಕವನ್ನು ಏತಕ್ಕೆ ಹೇರುತ್ತಾರೆ? ದ್ವೇಷದಿಂದಲ್ಲ, ಲೆಕ್ಕದಿಂದ. ಹಡಗಿನ ಕೊಠಡಿಗಳು ಇಬ್ಬರಿಗೆಂದು ಕಟ್ಟಿದವು. ಅದರಲ್ಲಿ ಒಬ್ಬರು ಮಲಗಿದರೆ ಒಂದು ಟಿಕೆಟಿನ ಹಣ ನಷ್ಟ. ಅಷ್ಟೇ ಅಲ್ಲ, ಹಡಗಿನ ಸಂಪಾದನೆ ಟಿಕೆಟಿನಲ್ಲಿ ಮುಗಿಯುವುದಿಲ್ಲ. ಪಾನಗೃಹ, ಜೂಜಿನ ಮೇಜು, ಅಂಗಡಿ, ಅಂಗಮರ್ದನ, ತೀರದ ಸುತ್ತಾಟ, ಇವೆಲ್ಲದರಿಂದಲೂ ಅದಕ್ಕೆ ಹಣ ಬರತಕ್ಕದ್ದು. ಎರಡನೆಯ ಹಾಸಿಗೆ ಬರಿದಾದರೆ ಎರಡನೆಯ ಕಿಸೆಯೂ ಬರಿದು. ಆದುದರಿಂದ ಬಂದ ಒಬ್ಬರಿಂದಲೇ ಇಬ್ಬರ ಹಣವನ್ನು ತುಂಬಿಸಿಕೊಳ್ಳುವ ಪದ್ಧತಿ ಬೆಳೆಯಿತು. ಇದಕ್ಕೆ ಪರಿಹಾರವೇ ಇಲ್ಲವೆಂದಲ್ಲ. 2010ರಲ್ಲಿ ಯಾನ ಆರಂಭಿಸಿದ ‘ನಾರ್ವೀಜಿಯನ್ ಎಪಿಕ್’ ಎಂಬ ಹಡಗಿನಲ್ಲಿ ಒಬ್ಬರಿಗೇ ಎಂದು ಸಣ್ಣ ಅಳತೆಯ 128 ಕೊಠಡಿಗಳನ್ನು ಕಟ್ಟಿದರು. ಒಬ್ಬೊಬ್ಬರೇ ಬಂದವರು ಕುಳಿತು ಮಾತಾಡಲೆಂದು ಅವರಿಗೆ ಬೇರೆಯೇ ಒಂದು ಪಡಸಾಲೆಯನ್ನಿಟ್ಟರು. 2016ರಲ್ಲಿ ‘ಕ್ವೀನ್ ಮೇರಿ 2’ ಹಡಗನ್ನು ನವೀಕರಿಸುವಾಗ ಒಬ್ಬರ ಕೊಠಡಿಗಳು ಹದಿನೈದನ್ನು ಸೇರಿಸಿದರು. ಒಂಟಿ ಪ್ರಯಾಣಿಕರು ಬೇಕಾದಷ್ಟಿದ್ದಾರೆ, ಅವರಿಂದ ನಷ್ಟವಿಲ್ಲ ಎಂಬುದನ್ನು ಹೀಗೆ ವ್ಯಾಪಾರಿಗಳೇ ಕಂಡುಕೊಂಡರು. ಆದರೂ ಇಂಥ ಕೊಠಡಿಗಳು ಒಟ್ಟು ಸಂಖ್ಯೆಯಲ್ಲಿ ಅತ್ಯಲ್ಪ.

ಇಲ್ಲಿ ಹಳೆಯದೊಂದು ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗಲಾರದು. ವಿಮಾನ ಸಾಮಾನ್ಯವಾಗುವ ಮೊದಲು ಹಡಗು ವಿಹಾರದ ಸಾಧನವಾಗಿರಲಿಲ್ಲ, ದಾರಿಯಾಗಿತ್ತು. ಓದಲು ವಿಲಾಯಿತಿಗೆ ಹೊರಟ ನಮ್ಮ ತರುಣರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿಯೇ ಹೊರಟವರು. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದುದು ಕಡಲ ದಾರಿಯಲ್ಲೇ. ‘ಸಮುದ್ರ ಗೀತೆಗಳು’ ಕನ್ನಡಕ್ಕೆ ಬಂದುದು ಆ ಯಾನದ ಫಲವಾಗಿ. ಆ ಕಾಲದ ಹಡಗು ಮಾರುತ್ತಿದ್ದುದು ಮಲಗುವ ಜಾಗವನ್ನು, ಅಂದರೆ ಬರ್ತನ್ನು. ಕೆಳದರ್ಜೆಯಲ್ಲಿ ಮುಖಪರಿಚಯವೂ ಇಲ್ಲದ ನಾಲ್ವರನ್ನು ಒಂದೇ ಕೊಠಡಿಯಲ್ಲಿ ಸೇರಿಸುತ್ತಿದ್ದರು. ಮುಂಬಯಿಯಿಂದ ಕಾರವಾರ ಮಂಗಳೂರುಗಳಿಗೆ ಬರುತ್ತಿದ್ದ ಕರಾವಳಿಯ ಹಡಗಿನಲ್ಲಂತೂ ಬಡವನಿಗೆ ಸಿಕ್ಕುತ್ತಿದ್ದುದು ಮೇಲಟ್ಟದಲ್ಲಿ ಚಾಪೆ ಹಾಸುವಷ್ಟು ಜಾಗ. ಸೌಕರ್ಯ ಕಡಮೆಯಿತ್ತು, ನಿಜ. ಆದರೆ ಒಬ್ಬನಿಗೆ ಒಂದು ಟಿಕೆಟು ಸಾಕಾಗುತ್ತಿತ್ತು. ನಮ್ಮ ರೈಲು ಇಂದಿಗೂ ಈ ನ್ಯಾಯವನ್ನು ಬಿಟ್ಟಿಲ್ಲ. ಹಡಗು ದಾರಿಯಾಗಿದ್ದಾಗ ವ್ಯಕ್ತಿಯನ್ನು ಎಣಿಸುತ್ತಿತ್ತು. ವಿಹಾರವಾದ ಮೇಲೆ ಜೋಡಿಯನ್ನು ಎಣಿಸತೊಡಗಿತು. ಇಡಿಯ ವಿಷಯದ ತಿರುಳು ಇಷ್ಟೇ.

ಹಾಗಾದರೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. 2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಜಾರಿಗೆ ಬಂದಿತು. ರಾಜ್ಯದ ಹೆಣ್ಣುಮಕ್ಕಳು ಗುರುತಿನ ಚೀಟಿಯನ್ನು ತೋರಿಸಿ, ರಾಜ್ಯದ ಗಡಿಯೊಳಗೆ, ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡಿಲ್ಲದೆ ಪ್ರಯಾಣ ಮಾಡಬಹುದು. 2025ರ ಜುಲೈ ಹೊತ್ತಿಗೆ ಹೀಗೆ ಕೊಟ್ಟ ಶೂನ್ಯ ಟಿಕೆಟುಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಈ ಯೋಜನೆಯ ಖರ್ಚುವೆಚ್ಚದ ಬಗ್ಗೆ ವಾದಗಳು ಬೇಕಾದಷ್ಟು ನಡೆದಿವೆ. ಅದರ ಸ್ವರೂಪದ ಬಗ್ಗೆ ಗಮನ ಕೊಟ್ಟವರು ಕಡಮೆ. ಈ ಟಿಕೆಟು ಕುಟುಂಬಕ್ಕೆ ಕೊಟ್ಟುದಲ್ಲ, ದಂಪತಿಗಳಿಗೆ ಕೊಟ್ಟುದಲ್ಲ. ಒಬ್ಬಳು ಹೆಂಗಸಿಗೆ ಕೊಟ್ಟುದು. ಗಂಡನ ಅಥವಾ ಮಗನ ಕೈಯಿಂದ ಬಸ್ ಚಾರ್ಜು ಇಸಿದುಕೊಳ್ಳಬೇಕಾಗಿದ್ದವಳು ಯಾವ ಕಾರಣಕ್ಕೆ ಹೋಗುತ್ತೇನೆಂದು ಮೊದಲು ಹೇಳಬೇಕಾಗಿತ್ತು. ಚಾರ್ಜಿನ ಜೊತೆಗೆ ಆ ವಿವರಣೆಯ ಸುಂಕವೂ ಇಳಿಯಿತು. ಮಧುಗಿರಿಯಿಂದ ತುಮಕೂರಿನ ಆಸ್ಪತ್ರೆಗೆ, ಶಿರಾದಿಂದ ತವರಿಗೆ, ಕೊರಟಗೆರೆಯಿಂದ ಧರ್ಮಸ್ಥಳಕ್ಕೆ ಹೆಂಗಸರು ಹೊರಟರು. ಗುಂಪಾಗಿ ಹೋದವರನ್ನು ಪತ್ರಿಕೆಗಳ ಚಿತ್ರಗಳಲ್ಲಿ ಕಂಡೆವು. ಒಬ್ಬೊಬ್ಬರೇ ಹೋದವರ ಚಿತ್ರವನ್ನು ಯಾರೂ ತೆಗೆಯಲಿಲ್ಲ. ಆದರೆ ಅವರೂ ಹೋದರು. ಇದನ್ನು ವಿಹಾರವೆಂದು ಕರೆದರೆ ಕೆಲವರಿಗೆ ಕೋಪ ಬರುತ್ತದೆ. ದುಡಿದವಳಿಗೆ ಒಂದು ದಿನದ ವಿಹಾರ ಸಲ್ಲದೆ?

ಇಷ್ಟಕ್ಕೇ ಎಲ್ಲವೂ ಸರಿಹೋಯಿತೆಂದು ಹಿಗ್ಗಲಾಗದು. ಉಚಿತ ಟಿಕೆಟಿಗೆ ಬೆಲೆ ಬರಬೇಕಾದರೆ ಬಸ್ಸು ಇರಬೇಕು. ನಮ್ಮ ಹಳ್ಳಿಯ ದಾರಿಗಳಲ್ಲಿ ಬಹುಕಾಲದಿಂದ ಓಡುತ್ತಿರುವ ಖಾಸಗಿ ಬಸ್ಸುಗಳಿಗೆ ಶಕ್ತಿ ಅನ್ವಯಿಸುವುದಿಲ್ಲ. ಪಾವಗಡದ ಸ್ಥಿತಿಯಂತೂ ವಿಶೇಷ. ಆಂಧ್ರದ ನೆಲದ ನಡುವೆ ನಡುಗಡ್ಡೆಯಂತೆ ಕುಳಿತಿರುವ ತಾಲ್ಲೂಕು ಅದು. ಆಂಧ್ರದಲ್ಲಿಯೂ 2025ರ ಆಗಸ್ಟ್ 15ರಿಂದ ‘ಸ್ತ್ರೀ ಶಕ್ತಿ’ ಎಂಬ ಇಂಥದೇ ಯೋಜನೆ ಬಂದಿತು. ಆದರೆ ಎರಡೂ ಆಯಾ ರಾಜ್ಯದ ಒಳಗೆ, ಆಯಾ ರಾಜ್ಯದವರಿಗೆ. ಮಡಕಶಿರಾದಲ್ಲಿ ಬೀಗರಿರುವ, ಹಿಂದೂಪುರದಲ್ಲಿ ಸಂತೆ ಮಾಡುವ ಪಾವಗಡದ ಹೆಣ್ಣಿಗೆ ಗಡಿಗೆರೆಯೇ ಹೊಸ ಸುಂಕದಕಟ್ಟೆ. 2022ರ ಮಾರ್ಚ್ 19ರ ಬೆಳಗನ್ನು ಈ ಸೀಮೆಯವರು ಮರೆತಿಲ್ಲ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಜನರನ್ನು ಕಿಕ್ಕಿರಿಯ ತುಂಬಿಕೊಂಡು ಬರುತ್ತಿದ್ದ ಖಾಸಗಿ ಬಸ್ಸು ಪಳವಳ್ಳಿಯ ಬಳಿ ಉರುಳಿ ವಿದ್ಯಾರ್ಥಿಗಳು ಸತ್ತರು. ಕಾಲೇಜಿಗೆ ಹೋಗುವ ಒಂದು ಮಗುವಿಗೆ ಬಸ್ಸಿನಲ್ಲಿ ಒಂದು ಆಸನ ಸಿಕ್ಕಬೇಕು ಎಂಬುದು ಎಷ್ಟು ಚಿಕ್ಕ ಬೇಡಿಕೆ! ಅದು ಈಡೇರದಿದ್ದಾಗ ತೆರಬೇಕಾದ ಬೆಲೆ ಎಷ್ಟು ದೊಡ್ಡದು! ಕೊರಟಗೆರೆ, ಮಧುಗಿರಿ, ಪಾವಗಡಗಳ ಮೇಲೆ ಹಾಯಬೇಕಾದ ತುಮಕೂರು–ರಾಯದುರ್ಗ ರೈಲುದಾರಿಗೆ ಮಂಜೂರಾತಿ ದೊರೆತು ಹದಿನೈದು ವರ್ಷಗಳ ಮೇಲಾಯಿತು. ಕಡಲ ವಿಹಾರಕ್ಕೆ ಹತ್ತು ಲಕ್ಷ ಮಂದಿಯನ್ನು ಸೇರಿಸುವ ಗುರಿಯ ಪಕ್ಕದಲ್ಲಿ ಈ ಸಂಗತಿಯನ್ನೂ ಇಟ್ಟು ನೋಡುವುದು ನ್ಯಾಯ.

ಬಸ್ಸು ಇಳಿಸಿದ ಮೇಲೆ ಎರಡನೆಯ ತೊಡಕು ಆರಂಭವಾಗುತ್ತದೆ. ಅದು ರಾತ್ರಿಯ ತೊಡಕು. ಒಬ್ಬಳೇ ಬಂದ ಹೆಂಗಸಿಗೆ ಲಾಡ್ಜಿನಲ್ಲಿ ಕೊಠಡಿ ಸುಲಭವಾಗಿ ಸಿಕ್ಕುವುದಿಲ್ಲ. ಅನೇಕ ಯಾತ್ರಾಸ್ಥಳಗಳ ವಸತಿಗೃಹಗಳಲ್ಲಿ ಒಬ್ಬಂಟಿಗೆ, ಗಂಡಸಿಗಾದರೂ ಸರಿಯೆ, ಕೊಠಡಿ ಕೊಡುವ ಪದ್ಧತಿಯೇ ಇಲ್ಲ. ಕಾರಣ ಕೇಳಿದರೆ, ಹಿಂದೆ ಯಾರೋ ಒಬ್ಬಂಟಿಯಾಗಿ ಬಂದು ಪ್ರಾಣ ಕಳೆದುಕೊಂಡರು, ಪೋಲೀಸಿನ ರಗಳೆಯಾಯಿತು ಎನ್ನುತ್ತಾರೆ. ಒಬ್ಬರ ದುಃಖವನ್ನು ಎಲ್ಲರ ಮೇಲಿನ ಅನುಮಾನವಾಗಿ ಮಾಡುವುದು ಸುಲಭ. ಹಡಗಿನವನು ಒಂಟಿಯಿಂದ ಹಣವನ್ನಾದರೂ ಪಡೆದು ಒಳಗೆ ಬಿಡುತ್ತಾನೆ. ಇಲ್ಲಿ ಹಣ ಹಿಡಿದು ನಿಂತರೂ ಬಾಗಿಲು ತೆರೆಯದು.

ಕೊರಟಗೆರೆಯ ಕಡೆಯ ಪರಿಚಿತರೊಬ್ಬರ ಸಂಗತಿ ಇಲ್ಲಿ ಉಚಿತವೆಂದು ತೋರುತ್ತದೆ. ಮೂವತ್ತು ವರ್ಷಕಾಲ ಮಕ್ಕಳಿಗೆ ಭೂಗೋಳ ಹೇಳಿದ ನಿವೃತ್ತ ಉಪಾಧ್ಯಾಯಿನಿ; ಮನೆಯವರು ತೀರಿಕೊಂಡು ಕೆಲವು ವರ್ಷವಾಗಿದೆ. ಕರಿಹಲಗೆಯ ಮೇಲೆ ಅರಬ್ಬೀ ಸಮುದ್ರಕ್ಕೆ ನೀಲಿ ಸೀಮೆಸುಣ್ಣ ಬಳಿದ ಕೈ ಅವರದು. ನಿವೃತ್ತಿಯ ಹಣದಲ್ಲಿ ಒಂದು ಸಲ ಹಡಗಿನಲ್ಲಿ ಹೋಗಿಬರೋಣವೆಂದು ವಿಚಾರಿಸಿದರು. ದರವನ್ನು ಹೇಳಿದ ಹುಡುಗ ವಿನಯದಿಂದಲೇ, “ಜೊತೆಗೆ ಯಾರನ್ನಾದರೂ ಕರೆದುಕೊಂಡು ಬನ್ನಿ ಮೇಡಂ, ನಿಮಗೇ ಲಾಭ” ಎಂದನಂತೆ. “ಕರೆದುಕೊಂಡು ಬರುವುದಕ್ಕೆ ಇದ್ದಿದ್ದರೆ ನಿನ್ನನ್ನು ಕೇಳುತ್ತಿದ್ದೆನೇನಪ್ಪ?” ಎಂದು ಅವರು ಫೋನಿಟ್ಟರು. ಈ ಮಾತಿನಲ್ಲಿ ಅಳು ಇರಲಿಲ್ಲ, ಸ್ವಲ್ಪ ನಗುವೇ ಇತ್ತು. ಆದರೆ ನಾವು ಯೋಚಿಸಬೇಕಾದ ವಿಷಯ ಅದರಲ್ಲಿದೆ. ವಿಧವೆಯರು, ಅವಿವಾಹಿತೆಯರು, ಪತಿಯಿಂದ ದೂರವಾದವರು, ಇವರೆಲ್ಲರನ್ನೂ ಕೂಡಿಸಿದರೆ ನಮ್ಮ ದೇಶದಲ್ಲಿ 2001ರ ಜನಗಣತಿಯಲ್ಲಿ ಸುಮಾರು 5.12 ಕೋಟಿ ಒಂಟಿ ಹೆಂಗಸರಿದ್ದರು. 2011ರಲ್ಲಿ ಅವರ ಸಂಖ್ಯೆ 7.14 ಕೋಟಿಯಾಯಿತು. ಇಷ್ಟು ಜನರನ್ನು ಅಪವಾದವೆಂದು ಕರೆಯಲು ಬರುವುದಿಲ್ಲ. ಕೈಯಲ್ಲಿ ಅಲ್ಪಸ್ವಲ್ಪ ಹಣವಿರುವವರೂ ಇವರಲ್ಲಿದ್ದಾರೆ. ತಿರುಮಣಿಯ 13,000 ಎಕರೆಯ ಸೌರ ಉದ್ಯಾನವನ್ನೇ ನೋಡಿ: ಅಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಗೊತ್ತಾಯಿತು. ಐದೆಕರೆ ಕೊಟ್ಟ ಮನೆಗೆ ಲಕ್ಷದ ಮೇಲೆ. ಹೊಲವಿಲ್ಲದ ಕೂಲಿಯವರಿಗೆ ಈ ಭಾಗ್ಯ ಬರಲಿಲ್ಲ, ಇದ್ದ ಕೆಲಸವೂ ತಪ್ಪಿತು; ಆ ಅನ್ಯಾಯ ಬೇರೆಯೇ ಲೇಖನಕ್ಕೆ ವಸ್ತು. ಆದರೆ ಬರಗಾಲದ ಸೀಮೆಯಲ್ಲೂ ಮುಪ್ಪಿನ ಕಾಲಕ್ಕೆ ತನ್ನದೆಂಬ ಹಣವನ್ನು ಕಂಡ ತಾಯಂದಿರು ಉಂಟಾಗಿದ್ದಾರೆ ಎಂಬುದು ಸತ್ಯ. ಅವರಲ್ಲೊಬ್ಬರಿಗೆ ಸಮುದ್ರ ನೋಡುವ ಮನಸ್ಸಾದರೆ ಅದು ನಗುವ ವಿಷಯವಲ್ಲ.

ಇದಕ್ಕೆ ಎದುರಾಗಿ ಹೇಳುವ ಮಾತುಗಳಲ್ಲಿ ಎರಡನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಒಬ್ಬರೇ ತಿರುಗುವ ಅಭ್ಯಾಸ ಬೆಳೆದರೆ ಸಂಸಾರದ ಕಟ್ಟು ಸಡಿಲವಾಗುತ್ತದೆ ಎಂಬುದು. ನಮ್ಮ ಪರಂಪರೆ ಈ ಮಾತನ್ನು ಒಪ್ಪುವುದಿಲ್ಲ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ಅಕ್ಕಮಹಾದೇವಿ ನಡೆದುದು ಒಬ್ಬಳೇ. ಅವಳನ್ನೂ ಕಲ್ಯಾಣದಲ್ಲಿ ನಿಲ್ಲಿಸಿ ನಿನ್ನ ಗಂಡನಾರೆಂದು ಅಲ್ಲಮನು ಕೇಳಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಅಲ್ಲಮ ಕೇಳಿದ್ದು ಅವಳ ಅರಿವನ್ನು ಲೋಕಕ್ಕೆ ತೋರಿಸುವುದಕ್ಕಾಗಿ. ಇಂದು ಲಾಡ್ಜಿನ ಗುಮಾಸ್ತ ಅದೇ ಪ್ರಶ್ನೆಯನ್ನು ಕೇಳುವುದು ಕಳಿಸಿಬಿಡುವುದಕ್ಕಾಗಿ. ಸಂಸಾರದ ಕಟ್ಟು ಬಿಗಿಯಾಗಿರುವುದು ಪ್ರೀತಿಯಿಂದ. ಬಸ್ ಚಾರ್ಜಿಲ್ಲದ ಕಾರಣಕ್ಕೆ ಮನೆಯಲ್ಲುಳಿದವಳು ಸಂಸಾರವನ್ನು ಕಟ್ಟಿದಳೆಂದು ಹೊಗಳುವುದು ಆತ್ಮವಂಚನೆ.

ಎರಡನೆಯದು ಭದ್ರತೆಯ ಮಾತು. ಇದು ಹುರುಳುಳ್ಳದ್ದು. ದಾರಿಯಲ್ಲಿ ಭಯವಿಲ್ಲವೆಂದು ಯಾವ ಹೆಣ್ಣುಮಗಳೂ ಹೇಳಳು. ಆದರೆ ಭಯಕ್ಕೆ ಮದ್ದು ಏನು? ಬೆಳಕಿರುವ ಬಸ್ ನಿಲ್ದಾಣ, ಹೊತ್ತಿಗೆ ಸರಿಯಾಗಿ ಬರುವ ಕೊನೆಯ ಬಸ್ಸು, ಕೇಳಿದ ಕೂಡಲೆ ಸಿಕ್ಕುವ ಕೊಠಡಿ, ಇವು ಮದ್ದು. ಕೊಠಡಿಯನ್ನು ನಿರಾಕರಿಸಿ ರಾತ್ರಿ ಹತ್ತು ಗಂಟೆಗೆ ಒಬ್ಬಳನ್ನು ಬೀದಿಗೆ ಕಳಿಸುವವರು ಭದ್ರತೆಯ ಹೆಸರೆತ್ತುವುದು ವಿಪರ್ಯಾಸ.

ಭಾಷೆಯ ಮೇಷ್ಟರಾದವರು ಮಾತಿನ ಕಡೆಗೂ ಒಮ್ಮೆ ತಿರುಗದಿರಲಾರರು. ಕನ್ನಡದಲ್ಲಿ ಒಂಟಿ ಎಂಬುದಕ್ಕೆ ಎರಡು ಮುಖಗಳಿವೆ. ಒಂಟಿ ಎತ್ತು, ಒಂಟಿ ಕಾಲು ಎಂದಾಗ ಜೊತೆ ತಪ್ಪಿದುದು, ಕೊರತೆಯುಳ್ಳದ್ದು ಎಂಬ ಭಾವ. ಆದರೆ ಗಂಡಸರು ಕಿವಿಗಿಡುತ್ತಿದ್ದ ಆಭರಣಕ್ಕೂ ಒಂಟಿಯೆಂದೇ ಹೆಸರು. ಇನ್ನು ಏಕಾಂತವೆಂಬ ಮಾತಿನಲ್ಲಿ ಕೊರತೆಯ ನೆರಳೂ ಇಲ್ಲ. ಅದು ಬಯಸಿ ಪಡೆಯುವ ಸಂಪತ್ತು. ನಮ್ಮ ಪ್ರವಾಸದ ವ್ಯವಸ್ಥೆ ಒಬ್ಬಂಟಿಯನ್ನು ಮುರಿದ ಜೋಡಿಯ ಅರ್ಧಭಾಗವೆಂದು ಕಾಣುತ್ತಿದೆ. ಅವರನ್ನು ಪೂರ್ಣ ವ್ಯಕ್ತಿಯೆಂದು ಕಂಡರೆ ದರದ ಪಟ್ಟಿಯೂ ತಾನಾಗಿ ಬದಲಾದೀತು.

ಆಗಬೇಕಾದುದು ಅಸಾಧ್ಯವಾದುದೇನಲ್ಲ. ವಿಹಾರದ ಹಡಗುಗಳಿಗಾಗಿ ಸಾರ್ವಜನಿಕರ ಹಣದಲ್ಲಿ ಬಂದರುಗಳು ಸಜ್ಜಾಗುತ್ತಿವೆ. ಹಾಗಿರುವಾಗ ಪ್ರತಿ ಹಡಗಿನಲ್ಲೂ ಒಬ್ಬರ ದರದ ಇಷ್ಟು ಕೊಠಡಿಗಳಿರಬೇಕೆಂದು, ಒಬ್ಬೊಬ್ಬರೇ ಬಂದವರು ಒಪ್ಪಿದರೆ ಅವರನ್ನು ಜೊತೆಗೂಡಿಸಿ ಹಳೆಯ ಬರ್ತಿನ ಲೆಕ್ಕದಲ್ಲಿ ಕರೆದೊಯ್ಯಬೇಕೆಂದು ಸರ್ಕಾರ ಕೇಳುವುದರಲ್ಲಿ ಅತಿಯಿಲ್ಲ. ಜಾಹೀರಾತಿನಲ್ಲಿ ಒಬ್ಬರ ದರವನ್ನೂ ಇಬ್ಬರ ದರದಷ್ಟೇ ದೊಡ್ಡಕ್ಷರದಲ್ಲಿ ಹಾಕಲಿ. ಮುಜರಾಯಿ ದೇವಾಲಯಗಳ ವಸತಿಗೃಹಗಳಲ್ಲಿ ಒಬ್ಬರಿಗೂ ಕೊಠಡಿ ಕೊಡತಕ್ಕದ್ದೆಂಬ ನಿಯಮವಾಗಲಿ. ಒಬ್ಬೊಬ್ಬರೇ ಬಂದ ದಾರಿಹೋಕರಿಗೆ ಜಗಲಿ ಕೊಟ್ಟ ಛತ್ರಗಳ ನಾಡಿಗೆ ಇದು ಹೊಸ ಧರ್ಮವಲ್ಲ. ಮಧುಗಿರಿಯ ಏಕಶಿಲೆಯ ಬೆಟ್ಟವನ್ನೇರಲು, ಶಿರಾದ ಮಲಿಕ್ ರಿಹಾನನ ಗೋರಿಯನ್ನು ನೋಡಲು, ಗೊರವನಹಳ್ಳಿಯ ಲಕ್ಷ್ಮಿಗೂ ಪಾವಗಡದ ಶನಿಮಹಾತ್ಮನಿಗೂ ಕೈಮುಗಿಯಲು ಬರುವವರಲ್ಲಿ ಒಬ್ಬೊಬ್ಬರೇ ಬರುವವರೂ ಉಂಟು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಅಂಥವರಿಗೆ, ಅದರಲ್ಲೂ ಹೆಂಗಸರಿಗೆ, ನಿರ್ಭಯವಾದ ನಾಲ್ಕು ಕೋಣೆಗಳನ್ನಿಡುವುದು ಪುರಸಭೆಗಳ ಶಕ್ತಿಗೆ ಮೀರಿದುದಲ್ಲ. ಎಲ್ಲಕ್ಕಿಂತ ಮೊದಲು ಪಾವಗಡ ಮಧುಗಿರಿಗಳ ಹಳ್ಳಿಗಳಿಗೆ ಬೆಳಗ್ಗೆ ಒಂದು, ಕತ್ತಲಾದ ಮೇಲೆ ಒಂದು ಸರ್ಕಾರಿ ಬಸ್ಸು ತಪ್ಪದೆ ಬರಲಿ.

ಒಂದು ನಾಡು ಎಷ್ಟು ಮುಂದುವರಿದಿದೆ ಎಂಬುದನ್ನು ಅಲ್ಲಿಯ ಹಡಗಿನ ಎತ್ತರದಿಂದ ಅಳೆಯುವುದು ವಾಡಿಕೆಯಾಗಿದೆ. ಅದಕ್ಕಿಂತ ಸರಿಯಾದ ಅಳತೆಗೋಲು ಬೇರೊಂದುಂಟು: ಜೊತೆಗಾರರಿಲ್ಲದ ಒಬ್ಬ ವ್ಯಕ್ತಿ, ಯಾರಿಗೂ ಕಾರಣ ಹೇಳದೆ, ಯಾರ ಅನುಮಾನಕ್ಕೂ ಗುರಿಯಾಗದೆ, ತನ್ನ ಪಾಲಿನ ದರವನ್ನಷ್ಟೇ ಕೊಟ್ಟು, ಹೊರಟ ಊರನ್ನು ಮುಟ್ಟಿ ಕ್ಷೇಮವಾಗಿ ಹಿಂದಿರುಗಬಲ್ಲನೇ, ಬಲ್ಲಳೇ? ಪಳವಳ್ಳಿಯ ದಾರಿಯಲ್ಲಿ ಕಾಲೇಜಿಗೆ ಹೊರಟ ಹುಡುಗಿಗೂ ಮುಂಬಯಿಯ ಬಂದರಿನಲ್ಲಿ ಹಡಗನ್ನು ನೋಡುತ್ತ ನಿಂತ ಮುದುಕಿಗೂ ಈ ಪ್ರಶ್ನೆ ಒಂದೇ. ಇಬ್ಬರೂ ಕೇಳುತ್ತಿರುವುದು ಒಬ್ಬರಿಗೆ ಒಂದು ಆಸನ.